ಎರಡು ಟ್ಯಾಂಕಿನ ಲಾರಿ

ಎಂಜಿನ್ ಆರಿಸದೆ ಬಂದು ಹೋಗುವ ಮನುಷ್ಯನಿಗೆ ನಿಲ್ಲುವ ಮನಸ್ಸಿಲ್ಲ ಎಂದು ಚಿಜುರು ಬಹಳ ಹಿಂದೆಯೇ ತೀರ್ಮಾನಿಸಿದ್ದಳು.

ಕುಸುನೊಸೆ ವಾರಕ್ಕೊಮ್ಮೆ ಅವಳ ತೋಫು ಅಂಗಡಿಯ ಮುಂದೆ ಲಾರಿ ನಿಲ್ಲಿಸಿ, ತೋಫು ಕರಿದು ಉಳಿದ ಎಣ್ಣೆಯ ಡಬ್ಬಗಳನ್ನು ಹೇರಿಕೊಳ್ಳುತ್ತಿದ್ದ. ಅಷ್ಟು ಹೊತ್ತೂ ಲಾರಿ ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಆ ಎಣ್ಣೆಯನ್ನು ಅವನು ಮನೆಯಲ್ಲಿ ತಿಳಿಯಾಗಲು ಬಿಟ್ಟು, ನೀರಿನಂಶ ಹೋಗುವಂತೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಡೀಸೆಲ್ ಬದಲು ಲಾರಿಗೆ ಹಾಕುತ್ತಿದ್ದ. ಜಪಾನಿನ ಕೊಚಿ ಸೀಮೆಯ ಬೆಟ್ಟಗಳ ಯುಜು ನಿಂಬೆಯನ್ನು ರಸದ ಕಾರ್ಖಾನೆಗೆ ಸಾಗಿಸುವುದು ಅವನ ಕೆಲಸ.

ಗಂಡ ತೀರಿಹೋದ ಮೇಲೆ ಚಿಜುರು ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಈಗ ಚಿಕ್ಕಮ್ಮ ಪೇಟೆಯ ಗುಮಾಸ್ತನೊಬ್ಬನ ಸಂಬಂಧ ತಂದಿದ್ದರು. ಒಪ್ಪಿದರೆ ಅಂಗಡಿ ಮುಚ್ಚಬೇಕು. ಉತ್ತರ ಕೇಳಲು ಅವರು ಆ ದಿನ ಮಧ್ಯಾಹ್ನವೇ ಫೋನ್ ಮಾಡುವವರಿದ್ದರು.

"ಮುಂದಿನ ವಾರ ಎಣ್ಣೆ ಸಿಗದೇ ಇರಬಹುದು," ಎಂದಳು ಚಿಜುರು, ಡಬ್ಬ ಕೊಡುತ್ತ.

"ಕರಿಯೋದು ನಿಲ್ಲಿಸ್ತೀರಾ?"

"ಮದುವೆ ಆಗ್ತೀನೇನೋ."

ಅವನು ಡಬ್ಬವನ್ನು ತಪ್ಪು ಕಡೆ ಇಟ್ಟ. ಎತ್ತಿ ಮತ್ತೆ ಇಟ್ಟ. "ಆಗ್ತೀನೇನೋ ಅಂದ್ರೆ?"

"ಇನ್ನೂ ಉತ್ತರ ಹೇಳಿಲ್ಲ ಅಂತ. ನಿಮಗ್ಯಾಕೆ ಬಿಡಿ. ಯಾವಾಗಲೂ ಹೊರಡೋ ಅವಸರದಲ್ಲೇ ಇರ್ತೀರಿ."

"ಅವಸರ ಅಂತ ಯಾರು ಹೇಳಿದ್ದು?"

"ನಿಮ್ಮ ಎಂಜಿನ್."

ಕುಸುನೊಸೆ ಲಾರಿಯನ್ನು ನೋಡಿದ, ಅವಳನ್ನು ನೋಡಿದ. ಅವಳ ಕಣ್ಣಲ್ಲಿ ತಮಾಷೆಯಿರಲಿಲ್ಲ. ಅವನು ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದ.

ಬೀದಿ ಒಮ್ಮೆಲೇ ನಿಶ್ಶಬ್ದವಾಯಿತು. ಅಂಗಡಿಯ ಹಿಂದೆ ಹಳ್ಳ ಹರಿಯುವ ಸದ್ದು ಕೇಳಿಸಿತು. ಅಲ್ಲೊಂದು ಹಳ್ಳವಿದೆಯೆಂದು ಅವನಿಗೆ ತಿಳಿದದ್ದು ಅಂದೇ.

ಅವಳು ಬಿಸಿ ಸೋಯಾ ಹಾಲು ಕೊಟ್ಟಳು. ಅವನು ಬೆಂಚಿನ ಮೇಲೆ ಕುಳಿತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಾತು ನಿಧಾನವಾಗಿ ಬಂತು: ಈ ಸಲದ ಯುಜು, ಕೋತಿಗಳ ಕಾಟ. ಗುಮಾಸ್ತನ ವಿಷಯ ಇಬ್ಬರೂ ಎತ್ತಲಿಲ್ಲ. ಕೊನೆಗೆ ಅವನು ಎದ್ದು ಹೋಗಿ ಕೀಲಿ ತಿರುಗಿಸಿದ. ಎಂಜಿನ್ ನರಳಿತು, ಹತ್ತಲಿಲ್ಲ.

"ಏನಾಯ್ತು?"

"ತಪ್ಪು ಮಾಡಿಬಿಟ್ಟೆ." ಅವನು ಕಿವಿಯ ಹಿಂದೆ ಕೆರೆದುಕೊಂಡ. "ಇದಕ್ಕೆ ಎರಡು ಟ್ಯಾಂಕು, ಒಂದು ಡೀಸೆಲ್‌ಗೆ, ಒಂದು ನಿಮ್ಮ ಎಣ್ಣೆಗೆ. ಆರಿಸೋ ಮುಂಚೆ ಸ್ವಲ್ಪ ದೂರ ಡೀಸೆಲ್‌ನಲ್ಲಿ ಓಡಿಸಿ ಪೈಪಲ್ಲಿರೋ ಅಡುಗೆ ಎಣ್ಣೆ ಖಾಲಿ ಮಾಡಬೇಕು. ಇಲ್ಲದಿದ್ರೆ ಈ ಚಳಿಗೆ ಗಟ್ಟಿಯಾಗಿಬಿಡುತ್ತೆ. ಅದಕ್ಕೇ ಇಲ್ಲಿ ಯಾವತ್ತೂ ಆರಿಸ್ತಿರಲಿಲ್ಲ."

"ಗೊತ್ತಿದ್ದೂ ಆರಿಸಿದ್ರಾ?"

"ಗೊತ್ತಿತ್ತು. ಆಗ ನೆನಪಿರಲಿಲ್ಲ."

ಚಿಜುರು ಮುಖ ತಿರುಗಿಸಿಕೊಂಡಳು. ನಗು ಅಡಗಿಸಲು ಅಷ್ಟು ಸಾಲಲಿಲ್ಲ. ತೋಫು ಅಂಗಡಿಯಲ್ಲಿ ಬಿಸಿನೀರಿಗೂ ಬಟ್ಟೆಗೂ ಕೊರತೆಯಿಲ್ಲ. ಅವಳು ಬಟ್ಟೆ ಅದ್ದಿ ಹಿಂಡಿ ಕೊಟ್ಟಳು, ಅವನು ಫಿಲ್ಟರಿಗೂ ಪೈಪಿಗೂ ಸುತ್ತಿದ. ತಣ್ಣಗಾದದ್ದು ಹಿಂದಿರುಗಿತು, ಬಿಸಿಯದು ಹೋಯಿತು. ಕೈಯಿಂದ ಕೈಗೆ ಹೋಗುವ ಬಟ್ಟೆ ಬೇಗ ಆರದಿರಲಿ ಎಂದು ಇಬ್ಬರೂ ಹತ್ತಿರವೇ ನಿಂತಿದ್ದರು. ಕಾರಣ ಅದೊಂದೇ ಆಗಿರಲಿಲ್ಲ.

"ನಿಮ್ಮ ಲಾರಿ ಹೋದ ಕಡೆಯೆಲ್ಲ ನನ್ನ ಬಾಣಲೆ ವಾಸನೆಯಂತೆ," ಎಂದಳು ಅವಳು. "ನಾಯಿಗಳು ಬೆನ್ನು ಹತ್ತುತ್ವಂತೆ."

"ಹೌದು. ಕಾರ್ಖಾನೆಯವರೂ ಬೈತಾರೆ, ಹಸಿವಾಗುತ್ತೆ ಅಂತ."

"ಹಾಗಾದ್ರೆ ಪೂರ್ತಿ ಡೀಸೆಲ್ಲೇ ಹಾಕಿಸಬಾರದಾ?"

ಅವನು ಪೈಪಿನ ಮೇಲಿಂದ ಕಣ್ಣೆತ್ತಲಿಲ್ಲ. "ಘಾಟಿ ದಾಟೋವಾಗ ಆ ವಾಸನೆ ಬರುತ್ತಲ್ಲ, ಚಿಜುರು-ಸಾನ್, ನೀವು ಪಕ್ಕದ ಸೀಟಲ್ಲಿ ಕೂತ ಹಾಗಿರುತ್ತೆ. ಆ ಮನುಷ್ಯನ್ನ ಮದುವೆ ಆಗ್ಬೇಡಿ. ನನ್ನನ್ನ ಆಗಿ. ಅಂಗಡಿ ಮುಚ್ಚೋದು ಬೇಡ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ಹಬೆ ಏಳುತ್ತಿತ್ತು. ಅವಳು ಅದನ್ನು ಕೊಡಲು ಮರೆತಳು.

ಒಳಗೆ ಫೋನ್ ಬಡಿದುಕೊಂಡಿತು.

ಚಿಜುರು ಒಳಗೆ ಹೋಗಿ ರಿಸೀವರ್ ಎತ್ತಿದಳು. ಬಾಗಿಲು ತೆರೆದೇ ಇತ್ತು.

"ಹೂಂ, ಚಿಕ್ಕಮ್ಮ. ಯೋಚಿಸಿದೆ. ಅವರಿಗೆ ಬೇಡ ಅಂತ ಹೇಳಿಬಿಡಿ, ದಯವಿಟ್ಟು... ಇಲ್ಲ, ಅವರಲ್ಲಿ ಯಾವ ಕೊರತೆಯೂ ಇಲ್ಲ. ಇಲ್ಲಿ ಬೇರೊಬ್ಬರಿದ್ದಾರೆ." ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ನಂತರ ಅಂಗೈಯಿಂದ ಫೋನಿನ ಬಾಯಿ ಮುಚ್ಚಿ ಹೊರಗೆ ತಲೆ ಹಾಕಿದಳು. ಕೆನ್ನೆ ಕೆಂಪಾಗಿತ್ತು.

"ಕುಸುನೊಸೆ-ಸಾನ್, ಚಿಕ್ಕಮ್ಮ ಹೆಸರು ಕೇಳ್ತಿದ್ದಾರೆ."

"ಕುಸುನೊಸೆ."

"ಅದು ಮನೆತನದ ಹೆಸರು, ಊರಿಗೆಲ್ಲ ಗೊತ್ತು. ನಿಮ್ಮ ಹೆಸರು."

ಇಷ್ಟು ವರ್ಷ ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗುರುತಿಲ್ಲದವರ ಮುಂದೆ ನಿಂತವನಂತೆ ಅವನು ಬಾಗಿ ವಂದಿಸಿದ.

"ನೊಬುಮಿಚಿ."

"ನೊಬುಮಿಚಿ," ಎಂದಳು ಅವಳು, ಮೊದಲು ತನಗೆ, ಆಮೇಲೆ ಫೋನಿಗೆ.