ಬೂದಿದಿನ್ನಿಯ ಹಸಿರು ಪತ್ರ

ಪರದೆಯ ಮೇಲೆ ಮೊದಲು ಮೂಡಿದ್ದು ಒಂದು ಮೆಟ್ಟಿಲು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಬೆಂಚಿಗುಡ್ಡ ಪಟ್ಟಣದ ಹಳೇ ಸಂತೆಕಟ್ಟೆಯ ಅಡಿಯಲ್ಲಿ, ಡಾಂಬರು, ಜಲ್ಲಿ, ಮಣ್ಣು ಎಲ್ಲದರ ಕೆಳಗೆ, ನಾಲ್ಕೂ ಕಡೆಯಿಂದ ಇಳಿದುಹೋಗುವ ಕಲ್ಲಿನ ಪುಷ್ಕರಣಿಯೊಂದು ಬಿಳಿ ಗೆರೆಗಳಲ್ಲಿ ನಿಧಾನವಾಗಿ ತೆರೆದುಕೊಂಡಿತು. ಸುತ್ತ ನೆರೆದ ಜನ ಪರದೆಯತ್ತ ಬಗ್ಗಿದರು. ಹೂ ಮಾರುವ ಹೆಂಗಸೊಬ್ಬಳು, "ಅಯ್ಯ ಶಿವನ, ಇದರ ಮ್ಯಾಲೇ ಕುಂತು ಮೂವತ್ತು ವರ್ಷ ಹೂವು ಮಾರೀನಲ್ಲ!" ಎಂದಳು.

2056ರ ಆ ಮಧ್ಯಾಹ್ನದಷ್ಟು ಸಂತೋಷವನ್ನು ಡಾ. ಸೂಗಮ್ಮ ಅರಕೇರಿ ತಮ್ಮ ಬದುಕಿನಲ್ಲಿ ಹಿಂದೆಂದೂ ಕಂಡಿರಲಿಲ್ಲ. ಯಂತ್ರ ಅವರದು. ಹದಿನಾಲ್ಕು ವರ್ಷ ಅದರ ಬೆನ್ನು ಹತ್ತಿದ್ದರು. ಹೆಸರು ನೆಲಗಣ್ಣು.

ಬಾಹ್ಯಾಕಾಶದಿಂದ ಬರುವ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಮ್ಯುಆನ್ ಎಂಬ ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಅಂಗೈ ಚಾಚಿ ನಿಂತರೆ ನಿಮಿಷಕ್ಕೆ ನೂರರಷ್ಟು ಕಣಗಳು ಅದರ ಮೂಲಕ ತೂರಿ ನೆಲದೊಳಕ್ಕೆ ಹೋಗುತ್ತವೆ. ನಮಗೆ ಗೊತ್ತೂ ಆಗುವುದಿಲ್ಲ. ದಾರಿಯಲ್ಲಿ ಗಟ್ಟಿ ಕಲ್ಲು ಸಿಕ್ಕರೆ ಹೆಚ್ಚು ಕಣಗಳು ಅಲ್ಲೇ ಉಳಿಯುತ್ತವೆ, ಪೊಳ್ಳು ಸಿಕ್ಕರೆ ಹೆಚ್ಚು ಕಣಗಳು ದಾಟುತ್ತವೆ. ಜಾಗದ ಸುತ್ತ ಆಳವಾದ ಸಣ್ಣ ತೂತುಗಳನ್ನು ಕೊರೆದು, ಕಣ ಎಣಿಸುವ ಕಡ್ಡಿಗಳನ್ನು ಇಳಿಬಿಟ್ಟು ಮೂರು ದಿನ ಕಾದರೆ ಸಾಕು, ನೆಲದೊಳಗಿನ ಚಿತ್ರ ಸಿಗುತ್ತದೆ. ಹಾರೆ ಗುದ್ದಲಿ ಮುಟ್ಟಿಸುವ ಕೆಲಸವೇ ಇಲ್ಲ.

ಸಂತೆಕಟ್ಟೆಯ ಮೇಲೆ ಬರಬೇಕಿದ್ದ ಬಸ್ ನಿಲ್ದಾಣ ಬೇರೆ ಕಡೆ ಹೋಯಿತು. ಮರುವರ್ಷ ಸರ್ಕಾರ ನಿಯಮವನ್ನೇ ತಂದಿತು. ಊರು ಬೆಳೆಸಲು ಎಲ್ಲೇ ನೆಲ ಅಗೆಯುವ ಮೊದಲು ನೆಲಗಣ್ಣು ನೋಡಬೇಕು. ಏನಾದರೂ ಕಂಡರೆ ಕೆಂಪು ಪತ್ರ, ಕೆಲಸ ನಿಲ್ಲಬೇಕು. ಕಾಣದಿದ್ದರೆ ಹಸಿರು ಪತ್ರ. ಪ್ರತಿ ಪತ್ರದ ಮೇಲೂ ಸೂಗಮ್ಮನವರ ಸಹಿ. ಒಂದೂರಲ್ಲಿ ಮಣ್ಣಿನ ಕೊಳವೆಗಳ ಹಳೇ ನೀರುದಾರಿ ಉಳಿಯಿತು, ಇನ್ನೊಂದೂರಲ್ಲಿ ಬಸದಿಯ ತಳಪಾಯ. ಶಾಲೆಯ ಪುಸ್ತಕದಲ್ಲಿ ಅವರ ಮೇಲೊಂದು ಪಾಠವೂ ಬಂತು.

ಒಂದೇ ತೊಡಕಿತ್ತು. ಊರಾಚೆಯ ಹಳೇ ಕಸದ ಗುಡ್ಡೆಗಳೂ ಯಂತ್ರಕ್ಕೆ ವಿಚಿತ್ರವಾಗಿ ಕಂಡು ಕೆಂಪು ದೀಪ ಹತ್ತಿಸುತ್ತಿದ್ದವು. ಕಸಕ್ಕೆಲ್ಲ ಕೆಲಸ ನಿಲ್ಲಿಸುವುದೇ ಎಂದು ಇಲಾಖೆಯವರು ಗೊಣಗಿದರು. ಹಗುರಾದ, ಸಡಿಲವಾದ ಗುಡ್ಡೆ ಕಂಡರೆ ಅದನ್ನು ಚಿತ್ರದಿಂದಲೇ ಅಳಿಸಿಬಿಡುವ ಒಂದು ಸೂತ್ರವನ್ನು ಯಂತ್ರದ ಗಣಕಕ್ಕೆ ಕೂಡಿಸಲು ಸೂಗಮ್ಮ ಒಪ್ಪಿದರು. ಆ ಸಭೆ ಹತ್ತು ನಿಮಿಷವೂ ನಡೆಯಲಿಲ್ಲ. ಚಹಾ ಬರುವುದರೊಳಗೆ ಮುಗಿದಿತ್ತು.

2063ರ ಮಾಘದಲ್ಲಿ ಒಂದು ಬೆಳಿಗ್ಗೆ ಅವರಿಗೆ ಗೊತ್ತಿಲ್ಲದ ಕಡೆಯಿಂದ ಫೋನು ಬಂತು.

"ಮೇಡಂರೀ, ನಾನು ರಾಜಾಸಾಬ. ಬೆಂಚಿಗುಡ್ಡದಾಗ ಜೆಸಿಬಿ ಹೊಡಿತೀನಿ. ಇಲ್ಲಿ ಬೋರ್ಡಿನ ಮ್ಯಾಲ ಹಚ್ಚ್ಯಾರಲ್ಲ, ಹಸಿರು ಪತ್ರ, ಅದರಾಗ ನಿಮ್ಮ ನಂಬರ್ ಐತಿ."

"ಹೇಳಿ, ಏನಾಯ್ತು?"

"ನಿಮ್ಮ ಮಿಶಿನ್ನು ಇಲ್ಲೇನಿಲ್ಲ ಅಂದೈತಿ. ನನ್ನ ಬಕೆಟಿನ ಕೆಳಗ ದನದ ಹೆಜ್ಜಿ ಅದಾವ್ರಿ. ನೂರಾರು. ಎಲ್ಲಾ ಕಲ್ಲಾಗ್ಯಾವ. ಗಾಡಿ ಬಂದ್ ಮಾಡಿ ನಿಂತೀನಿ. ನೀವೊಮ್ಮೆ ಬರ್ರಿ."

ಮರುದಿನ ಸೂಗಮ್ಮ ಅಲ್ಲಿದ್ದರು. ಊರ ಬಡಗಣ ಅಂಚಿನಲ್ಲಿ ಹೊಸ ಬಡಾವಣೆಗೆ ಗುರುತು ಮಾಡಿದ ಜಾಗ. ನಡುವೆ ಮೂರಾಳೆತ್ತರದ ಒಂದು ದಿಬ್ಬ, ಅರ್ಧ ಕತ್ತರಿಸಿ ನಿಂತಿತ್ತು. ಊರವರ ಬಾಯಲ್ಲಿ ಅದು ಬೂದಿದಿನ್ನಿ. ರಕ್ಕಸನನ್ನು ಸುಟ್ಟ ಬೂದಿ ಎಂದು ಹಳಬರ ನಂಬಿಕೆ. ನಿಜವಾಗಿ ಅದು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ತಮ್ಮ ದೊಡ್ಡಿಯ ಸಗಣಿ ರಾಶಿ ಹಾಕಿ, ಸುಟ್ಟು, ಮತ್ತೆ ರಾಶಿ ಹಾಕಿ ಸುಟ್ಟು, ತಲೆಮಾರುಗಟ್ಟಲೆ ಬೆಳೆಸಿದ ದಿಬ್ಬ. ಅವರು ಅರಮನೆ ಕಟ್ಟಲಿಲ್ಲ, ಶಾಸನ ಬರೆಸಲಿಲ್ಲ. ಅವರ ಬದುಕೆಲ್ಲ ಆ ಬೂದಿಯ ಪದರಗಳಲ್ಲೇ ಇದೆ.

ರಾಜಾಸಾಬ ಐವತ್ತು ದಾಟಿದ ಸಣಕಲು ಮನುಷ್ಯ. ತಲೆಯ ಮೇಲಿನ ಟವೆಲ್ಲು ತೆಗೆದು, ಬೂದಿಯನ್ನು ಮೆಲ್ಲಗೆ ಒರೆಸಿದ. ಕೆಳಗೆ ಸುಟ್ಟು ಗಟ್ಟಿಯಾದ ನೆಲ. ಅದರ ತುಂಬ ಗೊರಸಿನ ಗುರುತುಗಳು, ನಿನ್ನೆ ಸಂಜೆ ದನ ಹಾದುಹೋದಂತೆ.

"ಇಲ್ಲಿ ನೋಡ್ರಿ. ಈ ಆಕಳ ಹಿಂಗಾಲು ಎಳಕೊಂತ ನಡದೈತಿ. ಕುಂಟು ಆಕಳ. ಬಾಜೂಕ ಮನಷಾನ ಹೆಜ್ಜಿ. ಬ್ಯಾರೆ ದನ ಎಲ್ಲಾ ಮುಂದ ಹೋಗ್ಯಾವ. ಇಂವ ಒಬ್ಬಾತ ಅದರ ಜೋಡಿ ಸಾವಕಾಶ ನಡದಾನ."

ಸೂಗಮ್ಮ ಮಂಡಿಯೂರಿ ಕೂತರು. ಹೌದು. ಪ್ರತಿ ಹೆಜ್ಜೆಯೂ ಹಸುವಿನ ಎಳೆದ ಕಾಲಿನ ಪಕ್ಕದಲ್ಲೇ ಇತ್ತು. ಒಂದು ಕಡೆ ಎರಡು ಪಾದಗಳೂ ಜೋಡಿಯಾಗಿ ಆಳಕ್ಕೆ ಒತ್ತಿದ್ದವು. ಹಸು ನಿಂತಿರಬೇಕು, ಅವನೂ ನಿಂತಿರಬೇಕು. ಗುರುತುಗಳು ಮುಂದಕ್ಕೆ ಸಾಗಿ ಕತ್ತರಿಸಿದ ಅಂಚಿನ ಬಳಿ ತಟ್ಟನೆ ನಿಂತುಹೋಗಿದ್ದವು. ಅದರಾಚೆಯದನ್ನೆಲ್ಲ ಕಳೆದ ವಾರ ಟಿಪ್ಪರುಗಳಲ್ಲಿ ತುಂಬಿ ವರ್ತುಲ ರಸ್ತೆಯ ತಗ್ಗಿಗೆ ಸುರಿದಿದ್ದರು.

ಕಾರಿನಲ್ಲಿ ಕೂತು ಅವರು ಆ ಜಾಗದ ಮೂಲ ಚಿತ್ರವನ್ನು ತೆರೆದರು. ಯಂತ್ರ ದಿಬ್ಬವನ್ನು ಚೆನ್ನಾಗಿಯೇ ನೋಡಿತ್ತು, ಪದರ ಪದರವಾಗಿ. ಬೂದಿ ಹಗುರ, ಸಡಿಲ. ಸೂತ್ರ ಅದನ್ನು ಕಸ ಎಂದು ಓದಿ ಅಳಿಸಿಹಾಕಿತ್ತು.

ಅಲ್ಲಿಂದ ನೇರವಾಗಿ ನಗರಸಭೆಗೆ ಹೋದರು. ಪೌರಾಯುಕ್ತ ವಿಶ್ವಾರಾಧ್ಯ ಎದ್ದು ನಿಂತು ಕೈಮುಗಿದರು. "ಮೇಡಂ, ನೀವು ನಮ್ಮೂರಿಗೆ ಬಂದದ್ದೇ ಭಾಗ್ಯ. ನಮ್ಮ ಮಗಳು ನಿಮ್ಮ ಪಾಠ ಓದ್ತಾಳೆ."

"ಬೂದಿದಿನ್ನಿಯ ಕೆಲಸ ನಿಲ್ಲಿಸಿ," ಎಂದರು ಸೂಗಮ್ಮ. "ಯಂತ್ರ ಕಂಡದ್ದನ್ನ ನಾವು ಅಳಿಸಿದ್ದೀವಿ. ತಪ್ಪು ನಮ್ಮದು."

"ಹೆಂಗಾಗ್ತದೆ ಮೇಡಂ? ಹಸಿರು ಪತ್ರ ಇದೆ. ನಿಮ್ಮದೇ ಸಹಿ."

"ಆ ದಿನ್ನಿ ಏನು ಅಂತ ನಿಮಗೆ ಯಾರೂ ಹೇಳಿರಲಿಲ್ಲವೇ?"

ಪೌರಾಯುಕ್ತರು ಹಿಂಜರಿಯಲಿಲ್ಲ. ಕಡತ ತರಿಸಿ ಮುಂದಿಟ್ಟರು. ಪಂಪಣ್ಣ ಮಾಸ್ತರು ಎಂಬ ನಿವೃತ್ತ ಶಿಕ್ಷಕರ ಅರ್ಜಿ ಅದರಲ್ಲಿತ್ತು. ಜೊತೆಗೆ ಹಿಂದಿನ ಶತಮಾನದ ಸರ್ವೆ ಪಟ್ಟಿಯ ನಕಲು. ದಿನ್ನಿಯ ಹೆಸರು, ಸರ್ವೆ ನಂಬರು, ಅದು ನವಶಿಲಾಯುಗದ್ದು ಎಂಬ ವಿವರ, ಎಲ್ಲ ಅಚ್ಚಾಗಿತ್ತು. ಅರ್ಜಿಯ ಅಂಚಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಹಸಿರು ಪತ್ರ ಲಭ್ಯವಿದೆ. ಅರ್ಜಿ ಮುಕ್ತಾಯ."

"ಅಂದರೆ ನಿಮಗೆ ಗೊತ್ತಿತ್ತು."

"ಗೊತ್ತಿರೋದು ಬೇರೆ, ದಾಖಲೆ ಬೇರೆ ಮೇಡಂ."

"ಮೊದಲು ನೆಲ ನೋಡೋಕೆ ಒಬ್ಬ ಅಧಿಕಾರಿ ಇರ್ತಿದ್ದರು. ಜಾಗದ ಮೇಲೆ ಓಡಾಡಿ, ಹಳಬರನ್ನ ಕೇಳಿ ಬರೆಯೋರು. ಅವರೆಲ್ಲಿ?"

"ಆ ಹುದ್ದೆ ರದ್ದಾಗಿ ಐದು ವರ್ಷ ಆಯ್ತಲ್ಲ. ನಿಮ್ಮ ಯಂತ್ರ ಬಂದಮೇಲೆ ಅವರೆಲ್ಲ ಯಾಕೆ?" ವಿಶ್ವಾರಾಧ್ಯ ಚಹಾದ ಕಪ್ಪನ್ನು ಅವರತ್ತ ಸರಿಸಿದರು. "ನಾಳೆ ಬೇರೆ ಡ್ರೈವರ್ ಬರ್ತಾನೆ. ಆ ರಾಜಾಸಾಬಂದು ಸ್ವಲ್ಪ ತಲೆಹರಟೆ. ತಗೊಳ್ಳಿ ಮೇಡಂ, ಆರಿಹೋಗ್ತದೆ."

ಸೂಗಮ್ಮನವರ ಮೈಯೆಲ್ಲ ಉರಿಯಿತು. ಎದುರಿಗಿದ್ದವನ ಮೇಲಿನ ಸಿಟ್ಟು ಅರ್ಧ. ಉಳಿದರ್ಧ ತಮ್ಮದೇ ಸಹಿಯ ಮೇಲೆ. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವ ಕಷ್ಟವನ್ನೂ ಅವನಿಗೆ ತಪ್ಪಿಸಿದವರು ತಾವೇ. ಕಣ್ಣಾರೆ ಕಂಡದ್ದನ್ನು ಕಾಣೆನೆನ್ನಲು ಒಂದು ಯಂತ್ರ ಮಾಡಿಕೊಟ್ಟಿದ್ದರು.

"ನನಗೆ ನಿಮ್ಮ ಚಹಾ ಬೇಡ," ಎಂದು ಎದ್ದರು.

ನಗರಸಭೆಯ ಪಡಸಾಲೆಯ ಬೆಂಚಿನ ಮೇಲೆಯೇ ಗಣಕ ತೆರೆದು ಕೂತರು. ನಿಯಮದಲ್ಲಿ ಯಾರೂ ಬಳಸದ ಒಂದು ಕಲಮು ಇತ್ತು: ಪರೀಕ್ಷೆಯಲ್ಲಿ ದೋಷ ಕಂಡರೆ ಪ್ರಯೋಗಾಲಯ ತನ್ನ ಸಹಿಯನ್ನು ಹಿಂದಕ್ಕೆ ಪಡೆಯಬಹುದು. ಬೂದಿದಿನ್ನಿಯ ಪತ್ರ ಒಂದನ್ನೇ ಹಿಂಪಡೆದರೆ ಸಾಕಿತ್ತು. ಆದರೆ ಆ ಸೂತ್ರ ಇನ್ನೆಲ್ಲೆಲ್ಲಿ ಏನೇನನ್ನು ಕಸ ಎಂದಿತ್ತೋ ಯಾರು ಬಲ್ಲರು? ರಾಜ್ಯದ ಮೂರು ಸಾವಿರದ ನೂರ ಹದಿನಾಲ್ಕು ಹಸಿರು ಪತ್ರಗಳನ್ನೂ ಅವರು ಒಟ್ಟಿಗೆ ಹಿಂಪಡೆದರು. ಕಾರಣ ಕೇಳುವ ಜಾಗದಲ್ಲಿ ಬರೆದರು: "ಯಂತ್ರ ಸರಿಯಿದೆ. ಅದನ್ನು ಓದಿದ ನಾನು ತಪ್ಪಿದ್ದೇನೆ."

ಸಂಜೆಯ ಹೊತ್ತಿಗೆ ರಾಜ್ಯದ ಮೂಲೆ ಮೂಲೆಯಲ್ಲೂ ನೆಲ ಅಗೆಯುವ ಯಂತ್ರಗಳು ನಿಂತವು. ಅವರಿಗೆ ಅಮಾನತಿನ ಆದೇಶ ಬಂತು. ವಾಹಿನಿಗಳು ಅಭಿವೃದ್ಧಿಯ ಶತ್ರು ಎಂದವು. ಮನೆ ಕಟ್ಟಲು ಕಾದಿದ್ದ ಬಡವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ಕಣ್ಣೀರು ಹಾಕಿಸಿದರು. ಆ ಅಳುವಿನಲ್ಲಿ ನಿಜವೂ ಇತ್ತು. ಸೂಗಮ್ಮ ಅದನ್ನು ಪೂರ್ತಿ ನೋಡದೆ ಟಿವಿ ಆರಿಸಲಿಲ್ಲ. ರಾಜಾಸಾಬನ ಕೆಲಸ ಹೋಯಿತು. ಆತ ಮತ್ತು ಪಂಪಣ್ಣ ಮಾಸ್ತರು ಹನ್ನೊಂದು ದಿನ ದಿನ್ನಿಯ ಬುಡದಲ್ಲಿ ಚಾಪೆ ಹಾಕಿ ಕೂತರು, ಮಾಸ್ತರು ಹೂಡಿದ ದಾವೆಯಲ್ಲಿ ನ್ಯಾಯಾಲಯದ ತಡೆಯಾಜ್ಞೆ ಬರುವ ತನಕ.

ನಾಲ್ಕು ತಿಂಗಳ ಮೇಲೆ ತೀರ್ಪು ಬಂತು. ಹಸಿರು ಪತ್ರದಲ್ಲಿ "ಇಲ್ಲಿ ಏನೂ ಇಲ್ಲ" ಎಂದು ಬರೆಯಕೂಡದು, "ಯಂತ್ರಕ್ಕೆ ಕಂಡಿಲ್ಲ" ಎಂದೇ ಬರೆಯಬೇಕು. ಪ್ರತಿ ಜಾಗದ ಮೇಲೂ ಇಬ್ಬರು ನಡೆದು ನೋಡಬೇಕು, ಸುತ್ತಲಿನ ಹಿರಿಯರನ್ನು ಕೇಳಬೇಕು, ಹಳೇ ಪಟ್ಟಿಗಳನ್ನು ತೆರೆಯಬೇಕು. ದಿನ್ನಿಯ ಉಳಿದ ಅರ್ಧಕ್ಕೆ ಬೇಲಿ ಬಿತ್ತು. ಬಡಾವಣೆ ಅರ್ಧ ಮೈಲಿ ಆಚೆಗೆ ಸರಿಯಿತು. ಅಷ್ಟೇ ಬೇಕಾಗಿದ್ದದ್ದು. ನೆಲ ನೋಡುವವರ ಹುದ್ದೆಗಳು ಮರಳಿ ಬಂದವು. ರಾಜಾಸಾಬನೂ ಅರ್ಜಿ ಹಾಕಿದ್ದ. ಹತ್ತನೇ ತರಗತಿ ಪಾಸಾಗಿಲ್ಲ ಎಂದು ಅದು ವಾಪಸು ಬಂತು. ಈಗ ಆತ ಶಾಲೆಯ ಬಸ್ಸು ಓಡಿಸುತ್ತಾನೆ.

ಹಿಂಪಡೆದ ಪತ್ರಗಳ ಮರುಪರಿಶೀಲನೆ ಇನ್ನೂ ನಡೆದಿದೆ. ಇನ್ನೂರ ಹನ್ನೆರಡು ಜಾಗಗಳು ಹಳೇ ಪಟ್ಟಿಗಳಲ್ಲಿ ಹೆಸರು ಸಮೇತ ಇದ್ದವು. ಬಹುಪಾಲು ಈಗ ರಸ್ತೆ, ಗೋದಾಮು, ವಾಹನ ನಿಲುಗಡೆ.

ಮರುಪರಿಶೀಲನಾ ಸಮಿತಿಯ ಮುಂದೆ ಇಡಲೆಂದು ಸೂಗಮ್ಮ ಮನೆಯಲ್ಲಿ ಕೂತು ಬೂದಿದಿನ್ನಿಯ ಉಪಗ್ರಹ ಚಿತ್ರಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸುತ್ತಿದ್ದರು. ಭಾನುವಾರ. ರಾಜಾಸಾಬ ನೆಂಟರ ಮನೆಗೆಂದು ಆ ಕಡೆ ಬಂದವನು ಅವರನ್ನು ನೋಡಿಹೋಗಲು ಬಂದಿದ್ದ. 2050ರ ಚಿತ್ರದಲ್ಲಿ ದಿನ್ನಿ ದೊಡ್ಡದು. 2040ರಲ್ಲಿ ಇನ್ನೂ ದೊಡ್ಡದು. 2025ರದು ತೆರೆದಾಗ ಇಬ್ಬರೂ ಬಗ್ಗಿ ನೋಡಿದರು. ದಿನ್ನಿಯ ಒಂದು ಮಗ್ಗುಲಲ್ಲಿ ಬಿಳಿ ಗಾಯದಂತೆ ತೆರೆದ ಬೂದಿ, ಅದರ ಮುಂದೆ ಬೂದಿ ಒಯ್ಯಲು ಸಾಲಾಗಿ ನಿಂತ ಐದು ಟ್ರ್ಯಾಕ್ಟರು.

"ಇವ್ರಿಗೆ ಯಾವ ಮಿಶಿನ್ನು ಹೇಳಿತ್ತುರೀ, ಇಲ್ಲೇನಿಲ್ಲ ಅಂತ?" ಎಂದ ರಾಜಾಸಾಬ.

"ಆಗ ಮಿಶಿನ್ ಇರಲಿಲ್ಲ."

"ಮತ್ತ ಪತ್ರ?"

"ಪತ್ರವೂ ಇರಲಿಲ್ಲ. ಸರ್ವೆ ಪಟ್ಟಿ ಇತ್ತು. ಯಾರು ಬೇಕಾದರೂ ಓದಬಹುದಿತ್ತು."

ದಿನ್ನಿಯ ಮಗ್ಗುಲಲ್ಲೇ ರಸ್ತೆ ಹಾದುಹೋಗಿತ್ತು. ಅದರ ಮೇಲೆ ಬೈಕುಗಳು, ಒಂದು ಬಸ್ಸು, ಎರಡು ಕಾರು ಸಣ್ಣ ಚುಕ್ಕೆಗಳಾಗಿ ಕಾಣುತ್ತಿದ್ದವು. ಹಗಲು ಹೊತ್ತು, ನೆರಳುಗಳೂ ಸ್ಪಷ್ಟವಾಗಿದ್ದವು. ಆ ಮಂದಿಯಲ್ಲಿ ಯಾರಾದರೂ ಗಾಡಿ ನಿಲ್ಲಿಸಿ, ಇದೇನು ಒಯ್ಯುತ್ತಿದ್ದೀರಿ ಎಂದು ಕೇಳಿದರೋ ಇಲ್ಲವೋ, ಚಿತ್ರದಿಂದ ಹೇಳಲಾಗದು. ಸೂಗಮ್ಮ ಅದರ ಮುಂದಿನ ವರ್ಷದ, 2026ರ ಚಿತ್ರ ತೆರೆದರು. ಟ್ರ್ಯಾಕ್ಟರುಗಳು ಅದರಲ್ಲೂ ಇದ್ದವು.