ಗುಮ್ಮಟದ ತುಂಬ ಯಾರ ದನಿ?

"ಢಂ!"

ಮುನ್ನೂರು ವರ್ಷದ ಹಳೆಯ ಚರ್ಚಿನೊಳಗೆ ಗುಂಡು ಹಾರಿದಂತಾಯಿತು. ಪುಟ್ಟಿಯ ಕೈಯಲ್ಲಿದ್ದ ಕೀಗೊಂಚಲು ನೆಲಕ್ಕೆ ಬಿತ್ತು. ಜೀವ ಬಾಯಿಗೆ ಬಂದಿತ್ತು!

ಓಡಿ ಬಂದು ನೋಡಿದರೆ... ಗುಮ್ಮಟದ ಕೆಳಗೊಬ್ಬ ಯುವಕ. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಒಡೆದ ಬಲೂನಿನ ಚೂರು.

"ರೀ ಮಿಸ್ಟರ್! ಇದೇನು ಚರ್ಚಾ, ಹುಟ್ಟುಹಬ್ಬದ ಪಾರ್ಟಿ ಹಾಲಾ?"

ಅವನು ತಲೆಗೆ ಕೈಯಿಟ್ಟುಕೊಂಡ. "ನಿಮ್ಮ ಬೈಗುಳಾನೂ ರೆಕಾರ್ಡ್ ಆಯ್ತು ಮೇಡಂ. ಈಗ ಇನ್ನೊಂದು ಬಲೂನ್ ಒಡೀಬೇಕು."

ಅವನು ಸೌಂಡ್ ಇಂಜಿನಿಯರ್. ಗುಮ್ಮಟ ಬಿರುಕು ಬಿಟ್ಟಿತ್ತು, ರಿಪೇರಿಗೆಂದು ಅದರ ತುಂಬ ಕಂಬ-ಹಲಗೆಗಳ ಸಾರುವೆ ಕಟ್ಟುವವರಿದ್ದರು. ಸಾರುವೆ ಎದ್ದರೆ ಗುಮ್ಮಟದ ಮೊಳಗು ಸತ್ತಂತೆಯೇ. ಅದಕ್ಕೇ ಫಾದರ್ ಅವನನ್ನು ಕರೆಸಿದ್ದರು.

"ಒಂದು ಸದ್ದನ್ನ ಈ ಗುಮ್ಮಟ ಹೇಗೆ ತಿರುಗಿ ಕೊಡುತ್ತೆ ಅಂತ ಹಿಡಿದಿಟ್ಕೊಂಡ್ರೆ ಸಾಕು. ಆಮೇಲೆ ಸಣ್ಣ ಕೋಣೇಲಿ ಹೆಡ್‌ಫೋನ್ ಹಾಕ್ಕೊಂಡು ಕೂತವರಿಗೂ ಇಡೀ ಗುಮ್ಮಟ ಕೇಳಿಸ್ಬಹುದು. ಕೇಳಿ..."

ಅವನು ಮೆಲ್ಲಗೆ ಚಪ್ಪಾಳೆ ತಟ್ಟಿದ. ಸದ್ದು ಮೇಲೇರಿತು, ಸುತ್ತಿತು, ತೆಳ್ಳಗಾಗುತ್ತಾ ಎಲ್ಲೋ ಕರಗಿತು. ಚಿಕ್ಕಂದಿನಿಂದ ಈ ಚರ್ಚಿನಲ್ಲೇ ಓಡಾಡಿದ ಪುಟ್ಟಿ, ಪ್ರವಾಸಿಗರಿಗೆ ದಿನಾ ಬಾಗಿಲು ತೆರೆಯುವ ಪುಟ್ಟಿ, ಅವತ್ತು ಮೈಯೆಲ್ಲ ಕಿವಿಯಾಗಿ ನಿಂತಳು.

'ಅಬ್ಬಾ! ಇವನು ಎಷ್ಟು ಪ್ರೀತಿಯಿಂದ ಕೇಳ್ತಾನೆ...'

ಆ ಮಧ್ಯಾಹ್ನ ಅವನು ಊಟಕ್ಕೆ ಹೋದನೆಂದುಕೊಂಡು ಅವಳು ಬಾಗಿಲು ಹಾಕಿದಳು. ಗುಮ್ಮಟದ ಕೆಳಗೆ ನಿಂತು ಹಾಡಿದಳು.

ಯಾರೂ ಇಲ್ಲದಾಗ ಮಾತ್ರ ಹಾಡುವುದು ಅವಳ ಗುಟ್ಟು. ಹಿಂದೊಮ್ಮೆ ಅಕ್ಕನ ಮದುವೆಯಲ್ಲಿ ಎಲ್ಲರ ಮುಂದೆ ಹಾಡುವಾಗ ಅವಳ ಗಂಟಲು ಕೈಕೊಟ್ಟಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ನೆಂಟರಿಷ್ಟರ ಫೋನುಗಳಲ್ಲೆಲ್ಲ ಅದು ತಿರುಗಿತು. ಬಿದ್ದು ಬಿದ್ದು ನಕ್ಕರು... ಅಂದಿನಿಂದ ಮನುಷ್ಯರ ಮುಂದೆ ಅವಳು ಬಾಯಿ ತೆರೆದಿರಲಿಲ್ಲ.

ಹಾಡು ಮುಗಿಸಿ ತಿರುಗಿದಳು. ಮೈಕಿನ ಪಕ್ಕ ಕೆಂಪು ದೀಪ ಉರಿಯುತ್ತಿತ್ತು! ಕಂಬದ ಮರೆಯಲ್ಲಿ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು...

"ಅಳಿಸಿ! ಈಗ್ಲೇ ಅಳಿಸಿ!"

"ದಯವಿಟ್ಟು ಕ್ಷಮಿಸಿ. ಮಧ್ಯೆ ತಡೆಯೋಕೆ ಮನಸ್ಸು ಬರ್ಲಿಲ್ಲ. ಇದ್ರಲ್ಲಿ ಬೆಳಿಗ್ಗೆಯ ಕೆಲಸಾನೂ ಸೇರಿದೆ. ಸಂಜೆ ನಿಮ್ಮ ಹಾಡನ್ನ ಬೇರೆ ಮಾಡಿ ಖಂಡಿತಾ ಅಳಿಸ್ತೀನಿ. ಮಾತು ಕೊಡ್ತೀನಿ."

ಅವಳು ನಂಬಿದಳು. ಯಾಕೆ ನಂಬಿದಳೋ ಅವಳಿಗೇ ಗೊತ್ತಿಲ್ಲ.

ಮುಂದಿನ ವಾರಗಳಲ್ಲಿ ಅವನ ಚಹಾ ಲೋಟದ ಪಕ್ಕ ಇವಳದೂ ಬಂದು ಕೂತಿತು. ಚರ್ಚಿನಲ್ಲಿ ಹೂ ಜೋಡಿಸುವ ಚಿಕ್ಕಮ್ಮ ಸುಮ್ಮನಿರುತ್ತಾಳೆಯೇ?

"ಏನೇ ಪುಟ್ಟಿ, ಬಲೂನ್ ಸಾಹೇಬ್ರು ಬರೋದು ಹತ್ತು ನಿಮಿಷ ತಡ ಆದ್ರೆ ಗೇಟಿನ ಹತ್ರಾನೇ ಬೇರು ಬಿಡ್ತೀಯಲ್ಲ!"

"ಹೋಗು ಚಿಕ್ಕಮ್ಮ!" ಎಂದಳು. ಕೆನ್ನೆ ಮಾತ್ರ ಕೆಂಪಾಗಿತ್ತು.

ಚರ್ಚಿನ ಪಕ್ಕದಲ್ಲಿ ಅವನ ಹೆಡ್‌ಫೋನ್ ಕೋಣೆ ಸಿದ್ಧವಾಯಿತು. ಒಳಗೇನಿದೆ ಎಂದು ಕೇಳಿದರೆ ಅವನು ನಗುತ್ತಿದ್ದ. "ಮೊದಲೇ ಹೇಳಿದ್ರೆ ಹೆದರಿ ಓಡಿ ಹೋಗ್ತೀರಿ."

ಮೊದಲ ದಿನ ಒಬ್ಬ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು.

"ಎಂಥಾ ದನಿ ಕಣಮ್ಮ! ಗುಮ್ಮಟದ ತುಂಬ ಹೆಣ್ಣು ದನಿ!"

ಪುಟ್ಟಿಯ ಎದೆ ಧಸಕ್ಕೆಂದಿತು. "ಯಾರ... ಯಾರ ದನಿ ಅಜ್ಜಿ?"

"ಅದೊಂದು ಕೇಳ್ಬೇಡ. ಹೊರಗೆ ಹೇಳಬಾರದು ಅಂತ ಆ ಹುಡುಗ ಹೇಳಿದಾನೆ!" ಅಜ್ಜಿ ನಾಚಿಕೊಂಡು ನಕ್ಕು ಹೋದರು.

ಪುಟ್ಟಿಗೆ ನೆಲವೇ ಕುಸಿದಂತಾಯಿತು. ಹೊರಗೆ ಮೆಟ್ಟಿಲ ಬಳಿ ಪೆಟ್ಟಿಗೆ ಕಟ್ಟುತ್ತಿದ್ದವನ ಮುಂದೆ ಹೋಗಿ ನಿಂತಳು.

"ಮಾತು ಕೊಟ್ಟಿದ್ರಿ! ಊರವರಿಗೆಲ್ಲ ಕೇಳಿಸ್ತಾ ಇದ್ದೀರಲ್ಲ, ನಾಚಿಕೆ ಆಗಲ್ವಾ?"

ಅವನ ಮುಖ ಬಿಳಿಚಿತು. "ಒಂದ್ಸಲ ಒಳಗೆ ಹೋಗಿ ಕೇಳಿ. ಆಮೇಲೆ ಏನ್ ಬೇಕಾದ್ರೂ ಬೈಯಿರಿ."

"ಹೋದ ಮಾನಾನ ಹೆಡ್‌ಫೋನ್ ಹಾಕ್ಕೊಂಡು ಬೇರೆ ಕೇಳ್ಬೇಕಾ? ನಿಮ್ಮ ಮುಖ ನೋಡೋಕೂ ಇಷ್ಟ ಇಲ್ಲ!"

ಅವನು ಬಗ್ಗಿ ಮತ್ತೆ ವೈರು ಸುತ್ತತೊಡಗಿದ.

ಅವಳು ನೇರವಾಗಿ ಫಾದರ್ ಬಳಿ ಹೋಗಿ ಕೀಗೊಂಚಲನ್ನು ಮೇಜಿನ ಮೇಲಿಟ್ಟಳು. "ನಾಳೆಯಿಂದ ನಾನು ಬರಲ್ಲ ಫಾದರ್. ಆ ಕೋಣೇಲಿ ನನ್ನ ಹಾಡು ಹಾಕಿದಾರೆ."

ಫಾದರ್ ಕನ್ನಡಕ ತೆಗೆದರು. "ನಿನ್ನ ಹಾಡಾ? ನಾನು ಬೆಳಿಗ್ಗೆ ಹೋಗಿದ್ದೆ ಮಗಳೇ. ನನಗೆ ಗಂಡಸಿನ ದನಿ ಕೇಳಿಸ್ತು. ಅದೂ ಅಪಸ್ವರ!"

ಪುಟ್ಟಿ ಕಣ್ಣು ಕಣ್ಣು ಬಿಟ್ಟಳು. ಗಂಡಸಿನ ದನಿಯೇ?

ಜನ ಹೋದ ಮೇಲೆ ಕೋಣೆಗೆ ಹೋದಳು. ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಏನೂ ಇಲ್ಲ. ಆಮೇಲೆ ಅವನ ಮೆದುವಾದ ಮಾತು...

"ಈಗ ನೀವು ಗುಮ್ಮಟದ ಕೆಳಗೆ ಒಬ್ಬರೇ ಇದ್ದೀರಿ. ಯಾರೂ ಕೇಳುತ್ತಿಲ್ಲ. ಏನೂ ರೆಕಾರ್ಡ್ ಆಗುವುದಿಲ್ಲ. ಎದುರಿನ ಮೈಕಿನಲ್ಲಿ ಹಾಡಿ."

"ಏನಿದು?" ಎಂದಳು ಅವಳು.

ಅವಳದೇ 'ಏನಿದು' ಮೇಲೇರಿತು! ಸುತ್ತಿತು, ತುಂಬಿತು, ತೆಳ್ಳಗಾಗಿ ಕರಗಿತು.

ಅಜ್ಜಿ ಕೇಳಿದ್ದು ಅಜ್ಜಿಯ ದನಿಯನ್ನೇ! ಫಾದರ್‌ಗೆ ಕೇಳಿಸಿದ್ದು ಫಾದರ್‌ದೇ! ಜನ ನಕ್ಕಾರು ಎಂಬ ಹೆದರಿಕೆಯಿಲ್ಲದೆ ಹಾಡಲು ಒಂದು ಜಾಗ... ಅವನು ಕಟ್ಟಿದ್ದು ಅದನ್ನು. ಎಷ್ಟು ದೊಡ್ಡ ಮನಸ್ಸು! ಅಂಥವನಿಗೆ ತಾನು ಏನೆಲ್ಲ ಅಂದುಬಿಟ್ಟೆ... ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಹೊರಗೋಡಿದಳು. ಅವನು ಕೊನೆಯ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದ.

"ಒಂದ್ನಿಮಿಷ!" ಏದುಸಿರು. "ನಾನು... ತಪ್ಪು ತಿಳ್ಕೊಂಡೆ. ಕ್ಷಮಿಸ್ತೀರಾ?"

"ಒಳಗೆ ಹೋಗಿದ್ರಾ?"

"ಹೂಂ. ಇಂಥದ್ದನ್ನ ಹೇಗೆ ಯೋಚನೆ ಮಾಡಿದ್ರಿ?"

"ಅವತ್ತು ಬಾಗಿಲು ಹಾಕ್ಕೊಂಡು ಹಾಡಿದ್ರಲ್ಲ, ಅವಾಗ ಹೊಳೀತು. ಒಬ್ಬರೇ ಇದ್ದಾಗ ಮಾತ್ರ ಹಾಡೋರು ಇನ್ನೆಷ್ಟು ಜನ ಇದಾರೋ ಅಂತ."

"ಮತ್ತೆ ಆ ಹಾಡು?"

"ಅವತ್ತು ಸಂಜೆನೇ ಅಳಿಸ್ದೆ. ಮನಸ್ಸೇ ಬರ್ಲಿಲ್ಲ. ಆದ್ರೂ ಅಳಿಸ್ದೆ."

ಮೊದಲ ಬಾರಿಗೆ ಅವಳಿಗೆ ಆ ಹಾಡು ಹೋಯಿತಲ್ಲ ಎನಿಸಿತು.

"ಮತ್ತೆ ಕೇಳ್ಬೇಕು ಅನ್ಸಿದ್ರೆ ಏನ್ಮಾಡ್ತಿದ್ರಿ?"

"ಹಾಡಿದವರನ್ನೇ ಕೇಳ್ಕೋಬೇಕು. ಅದಕ್ಕೆ ಅವರು ಜೀವನಪೂರ್ತಿ ನನ್ನ ಹತ್ರಾನೇ ಇರ್ಬೇಕು..." ಅವನು ಅವಳತ್ತ ತಿರುಗಿದ. "ಇರ್ತೀಯಾ ಪುಟ್ಟಿ?"

ಅವಳು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಜಾಗ ತೋರಿಸಿದಳು. ದಾರಿಯಲ್ಲಿ ಜನರಿದ್ದರು, ನೋಡಲಿ ಬಿಡು ಎನಿಸಿತು.

"ಈಗ ಹಾಡ್ತೀನಿ. ಬೇಕಿದ್ರೆ... ರೆಕಾರ್ಡ್ ಮಾಡ್ಕೊಳ್ಳಿ."

ಅವನು ವ್ಯಾನಿನ ಬಾಗಿಲು ಮುಚ್ಚಿ ಬಂದು ಪಕ್ಕದಲ್ಲಿ ಕೂತ.

"ಬೇಡ. ನಾಳೆನೂ ಹಾಡ್ತೀಯಲ್ಲ?"

"ನಾಳೆನೂ," ಎಂದಳು ಅವಳು, ಅವನ ಬೆರಳು ಹಿಡಿದು. "ನಾಳಿದ್ದೂ."