ಮಾರ್ಚ್ ತಿಂಗಳ ಹಾಜರಿ ಪುಸ್ತಕ

೧೯೬೩ನೇ ಇಸವಿ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷಕ್ಕೆ ವಿಜಾಪುರದ ಠಾಣೆಗೆ ಒಂದು ದೂರು ಬಂತು. ದೂರುದಾರ ರಾಮಲಿಂಗ, ಜೋರಾಪುರ ಪೇಟೆಯಾಚೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ, ಅಂದರೆ ಜಿನ್ನಿನಲ್ಲಿ ಪಗಾರ ವಿಭಾಗದ ಹೆಡ್ ಕ್ಲಾರ್ಕ್. ಅವನ ಕೈಕೆಳಗಿನ ಇಬ್ಬರು ಕಾರಕೂನರಾದ ಯಲಗೂರಪ್ಪ ಮತ್ತು ಇಸಾಕ ಸಹ ಬಂದಿದ್ದರು. ದೂರು ಕೊಡಲು ಒಬ್ಬನೇ ಸಾಕಿತ್ತು. ಮೂವರೂ ಬಂದದ್ದನ್ನು ಸಬ್ ಇನ್ಸ್‌ಪೆಕ್ಟರ್ ಶಿವಯೋಗೆಪ್ಪ ಗಮನಿಸಿದರು.

"ಏನು ಕಳುವಾಗೇತಿ?"

"ಹಾಜರಿ ಪುಸ್ತಕರಿ. ಈ ತಿಂಗಳದ್ದು."

"ರೊಕ್ಕ?"

"ರೊಕ್ಕ ಮುಟ್ಟಿಲ್ಲರಿ."

ಹವಾಲ್ದಾರ ರಸೂಲಸಾಬ ನಕ್ಕ. "ರೊಕ್ಕ ಬಿಟ್ಟು ಪುಸ್ತಕ ಒಯ್ಯುವ ಕಳ್ಳ ಸಾಲಿ ಮಾಸ್ತರ ಇರಬೇಕು, ಸಾಹೇಬ್ರ."

ರಾಮಲಿಂಗ ನಗಲಿಲ್ಲ. ಜಿನ್ನಿನಲ್ಲಿ ಕೆಲಸ ಮಾಡುವವರು ಇನ್ನೂರ ಹನ್ನೆರಡು ಜನ. ಯಾರು ಎಷ್ಟು ದಿನ ಬಂದಿದ್ದಾರೆ ಎಂಬುದು ಆ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹದಿನೈದು ದಿನಗಳ ಪಗಾರ ಶನಿವಾರ ನಾಲ್ಕು ಗಂಟೆಗೆ ಹಂಚಬೇಕು. ಹಂಚದಿದ್ದರೆ ಪಗಾರ ವಿಭಾಗವನ್ನೇ ಮುಚ್ಚಿ, ಮೊದಲಿನಂತೆ ಕೂಲಿಗಳನ್ನು ಕರೆತರುವ ಮುಕಾದಮರ ಕೈಗೆ ರೊಕ್ಕ ಕೊಡುವುದಾಗಿ ಮಾಲಕರು ಹೇಳಿದ್ದರು. ಮುಕಾದಮರು ರೂಪಾಯಿಗೆ ಎರಡಾಣೆ ಮುರಿದುಕೊಳ್ಳುತ್ತಿದ್ದ ಕಾಲ ಹಳಬರಿಗೆ ಇನ್ನೂ ನೆನಪಿತ್ತು.

"ಶನಿವಾರ ಆಗದಿದ್ರ ನಾವು ಮೂರೂ ಮಂದಿ ಮನಿಗೆರಿ," ಎಂದ ರಾಮಲಿಂಗ. "ನಂದು ಹೋಗ್ಲಿ. ಇವರಿಬ್ಬರನ್ನ ನಾಲ್ಕು ವರ್ಸ ಹಿಡಿದಿಟ್ಟುಕೊಂಡವ ನಾನು."

ಭಾರತ ದಂಡ ಸಂಹಿತೆ ಕಲಂ ೩೮೦ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ೧೧ ಗಂಟೆಗೆ ಜಿನ್ನಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಒಂದೇ ಕೋಣೆ, ಒಂದು ಕಿಟಕಿ. ಕಪಾಟಿಗೆ ಹಗಲು ಬೀಗ ಹಾಕುವ ಪದ್ಧತಿ ಇಲ್ಲ. ಬುಧವಾರ ಮಧ್ಯಾಹ್ನ ಒಂದಕ್ಕೆ ಮೂವರೂ ಬುತ್ತಿ ತೆಗೆದುಕೊಂಡು ಹಿಂದಿನ ಬೇವಿನ ಮರದಡಿ ಉಣ್ಣಲು ಹೋಗಿದ್ದರು. ಸಂಜೆ ಹಾಜರಿ ಹಾಕಲು ಕಪಾಟು ತೆರೆದರೆ ಪುಸ್ತಕ ಇರಲಿಲ್ಲ.

ಗೇಟಿನ ಕಾವಲುಗಾರ ಗುಡುಸಾಬ ಆಣೆ ಮಾಡಿ ಹೇಳಿದ, "ಹೊರಗಿನವರು ಯಾರೂ ಒಳಗ ಬಂದಿಲ್ಲರಿ."

ಶಿವಯೋಗೆಪ್ಪ ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು.

"ಇಸಾಕ, ಬ್ಯಾರೆ ಕಡೆ ನೌಕರಿ ಸಿಕ್ಕಿತ್ತಂತ?"

"ಹೌದ್ರಿ, ಸೊಲ್ಲಾಪುರದ ಮಿಲ್ಲಿನಾಗ. ಇಪ್ಪತ್ತು ರೂಪಾಯಿ ಜಾಸ್ತಿ."

"ಯಾಕ ಹೋಗಲಿಲ್ಲ?"

"ಇಲ್ಲಿ ನನ್ನ ತಪ್ಪಾದ್ರ ನಮ್ಮ ಹೆಡ್ ಕ್ಲಾರ್ಕರು ಮಂದಿ ಮುಂದ ತಮ್ಮ ತಪ್ಪು ಅಂತಾರರಿ. ಆಮ್ಯಾಲ ಒಳಗ ಕರೆದು ಬೈತಾರ. ಬೈಗಳ ಸೊಲ್ಲಾಪುರದಾಗೂ ಸಿಗ್ತೈತಿ, ಮೊದಲಿಂದು ಸಿಗಂಗಿಲ್ಲ."

ಈ ಮಾತು ಶಿವಯೋಗೆಪ್ಪನವರಿಗೆ ಸ್ವಲ್ಪ ಚುಚ್ಚಿತು. ಎರಡು ವರ್ಷದಲ್ಲಿ ಅವರ ಠಾಣೆಯಲ್ಲಿ ಕಾಗದಪತ್ರ ಬರೆಯುವ ಮೂವರು ರೈಟರುಗಳು ವರ್ಗ ಕೇಳಿಕೊಂಡು ಹೋಗಿದ್ದರು. ತಮ್ಮಲ್ಲಿ ಏನು ಕೊರತೆ ಎಂದು ಯಾರನ್ನೂ ಕೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ.

"ಪುಸ್ತಕದಾಗ ವಿಶೇಷ ಏನರ ಇತ್ತೇನು?" ಎಂದು ರಾಮಲಿಂಗನನ್ನು ಕೇಳಿದರು.

"ಹೆಸರಿನ ಸಾಲು ಬದಲಿ ಮಾಡಿದ್ವಿರಿ. ಮೊದಲು ಮುಕಾದಮರ ಟೋಳಿ, ಅಂದ್ರ ಕೂಲಿ ಗುಂಪಿನ ಪ್ರಕಾರ ಇತ್ತು. ಪಗಾರಕ್ಕ ಅತ್ತಿ ಪಾಳಿ ನಾಲ್ಕಕ್ಕ ಬಂದ್ರ ಸೊಸಿದು ಕತ್ತಲಾದ ಮ್ಯಾಲ ಬರ್ತಿತ್ತು. ಈ ತಿಂಗಳಿಂದ ಮನಿ ಪ್ರಕಾರ ಬರದೀವಿ."

"ಹೊಸ ಸಾಲು ಯಾರಿಗೆ ಗೊತ್ತು?"

"ನಮ್ಮ ಮೂವರಿಗರಿ. ಹಾಜರಿ ಕೂಗೂದಿಲ್ಲ, ಯಲಗೂರಪ್ಪ ಕಿಟಕ್ಯಾಗಿಂದ ಮಕ ನೋಡಿ ಗುರುತು ಹಾಕ್ತಾನ. ಶನಿವಾರನ ಅದರ ಮೊದಲನೇ ಪಗಾರ."

ವಿಭಾಗ ಮುಚ್ಚಿದರೆ ಲಾಭ ಮುಕಾದಮ ಸಿದ್ದರಾಯನಿಗೆ. ಮಧ್ಯಾಹ್ನ ೩-೩೦ಕ್ಕೆ ಶಿವಯೋಗೆಪ್ಪ, ರಸೂಲಸಾಬ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗಿ ಅವನ ಮನೆ ಸೇರಿದರು. ಸಿದ್ದರಾಯ ಗಾಬರಿಯಾಗಲಿಲ್ಲ. ಚಹಾ ತರಿಸಿದ.

"ನಿನ್ನೆ ಎಲ್ಲಿದ್ದಿ?"

"ಇಲ್ಲೇ ಹತ್ತಿ ಗಾಡಿ ಹೇರಸಾಕತ್ತಿದ್ದೆರಿ. ಹತ್ತು ಮಂದಿ ನೋಡ್ಯಾರ, ಕೇಳ್ರಿ."

"ಮಾರ್ಚ್ ತಿಂಗಳ ಹಾಜರಿ ಪುಸ್ತಕ ಹೋದ್ರ ನಿನಗ ಹಬ್ಬ."

"ಹಬ್ಬನರಿ, ಸುಳ್ಳ್ಯಾಕ ಹೇಳ್ಲಿ? ಆ ಮೂವರು ಒಂದ ತಾಟಿನಾಗ ಉಂತಾರ. ಗಂಡ ಹೆಂಡ್ತೀನೂ ಹಂಗ ಉಣ್ಣಂಗಿಲ್ಲ. ನೋಡಿದ್ರ ನನಗ ಹೊಟ್ಟಿ ಉರೀತೈತಿ. ಆದ್ರ ನನಗ ಓದಾಕ ಬರೂದಿಲ್ಲರಿ. ಕಪಾಟಿನಾಗ ಅಷ್ಟು ಪುಸ್ತಕ. ಅದ್ರಾಗ ಮಾರ್ಚ್ ತಿಂಗಳದ್ದು ಯಾವುದಂತ ಹೆಂಗ ಆರಸ್ಲಿ?"

ಗಾಡಿಯವರು ಅವನ ಮಾತನ್ನು ಖಚಿತಪಡಿಸಿದರು. ಸಿದ್ದರಾಯನ ಪ್ರಶ್ನೆ ಇಷ್ಟು ಹೊತ್ತು ತಮಗೇಕೆ ಹೊಳೆಯಲಿಲ್ಲವೆಂದು ಶಿವಯೋಗೆಪ್ಪ ಹಿಂದಿರುಗುವಾಗ ದಾರಿಯುದ್ದಕ್ಕೂ ತಮ್ಮನ್ನೇ ಹಳಿದುಕೊಂಡರು. ಕದ್ದವನು ಅಕ್ಷರಸ್ಥ, ಕಪಾಟನ್ನು ಬಲ್ಲವನು. ಹಾಗಾದರೆ ಮೂವರಲ್ಲೇ ಒಬ್ಬನೇ?

ಮಾರ್ಚ್ ೧೫, ಶುಕ್ರವಾರ, ೧೧ ಗಂಟೆಗೆ ಕೋಟು, ರುಮಾಲು ಧರಿಸಿದ ಒಬ್ಬ ವೃದ್ಧರು ಠಾಣೆಗೆ ಬಂದರು. ಹೆಸರು ಬಸಲಿಂಗಯ್ಯ. ರಾಮಲಿಂಗನಿಗಿಂತ ಮುಂಚೆ ಇಪ್ಪತ್ತಾರು ವರ್ಷ ಅದೇ ಜಿನ್ನಿನ ಹೆಡ್ ಕ್ಲಾರ್ಕ್ ಆಗಿದ್ದು, ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು. ಈಗಲೂ ದಿನಾ ಗೇಟಿನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು.

"ಸಾಹೇಬ್ರ, ನನಗ ಎಲ್ಲಾ ಹೆಸರು ಬಾಯಾಗ ಅದಾವು. ಯಾರು ಎಷ್ಟು ದಿನ ಬಂದಾರ, ಅದನ್ನೂ ಕಟ್ಟಿ ಮ್ಯಾಲ ಕುಂತು ನೋಡೇನಿ. ಮಾಲಕರಿಗೆ ಹೇಳೇನಿ. ನಾಳಿ ಪಗಾರಕ್ಕ ನಾನ ಕುಂಡ್ರತೀನಿ."

ಶಿವಯೋಗೆಪ್ಪನವರಿಗೆ ಸಮಾಧಾನವಾಯಿತು. ಕಳ್ಳ ಸಿಗದಿದ್ದರೂ ಇನ್ನೂರು ಮನೆಗಳಿಗೆ ಪಗಾರವಾದರೂ ಸಿಗುತ್ತದೆ. ಬರೆದುಕೊಳ್ಳಲು ಮೂವರನ್ನೂ ಕರೆಸಿದರು. ಬಸಲಿಂಗಯ್ಯ ಕಣ್ಣು ಮುಚ್ಚಿ ಶುರುಮಾಡಿದರು.

"ಕಳ್ಳಕವಟಗಿ ಬೋರವ್ವ, ಹನ್ನೊಂದು ದಿನ. ಆಕಿ ಮಗಳು ಕಾಳವ್ವ, ಹನ್ನೊಂದು. ಸೊಸಿ ಶಂಕ್ರೆವ್ವ, ಒಂಬತ್ತು. ಕನಮಡಿ ಮುದುಕವ್ವ..."

ಇಪ್ಪತ್ತನೆಯ ಹೆಸರಿಗೆ ಯಲಗೂರಪ್ಪ ಲೇಖನಿ ಕೆಳಗಿಟ್ಟ.

"ಯಾಕೋ?"

"ಸಾಹೇಬ್ರ, ಇವರು ನಮ್ಮ ಹೊಸ ಸಾಲು ಹೇಳಾಕತ್ತಾರ."

ಶಿವಯೋಗೆಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಅಯ್ಯನವರ, ನಿಮ್ಮ ಕಾಲಕ್ಕ ಬೋರವ್ವ ಯಾರ ಟೋಳ್ಯಾಗಿದ್ಲು?"

"ಸಿದ್ದರಾಯನ ಟೋಳಿ."

"ಶಂಕ್ರೆವ್ವ?"

"ಬ್ಯಾರೆ ಟೋಳಿ."

"ಅವರನ್ನ ಯಾಕ ಸಾಲಾಗಿ ಹೇಳಿದ್ರಿ?"

ಬಸಲಿಂಗಯ್ಯ ಕಣ್ಣು ತೆರೆದರು.

ಗುಡುಸಾಬನನ್ನು ಮತ್ತೆ ಕರೆಸಿದರು. "ಬುಧವಾರ ಮಧ್ಯಾಹ್ನ ಅಯ್ಯನವರು ಒಳಗ ಹೋಗಿದ್ರೇನು?"

"ಹೋಗಿದ್ರಲ್ರಿ."

"ಮತ್ತ ಯಾರೂ ಬಂದಿಲ್ಲ ಅಂದಿ?"

"ಹೊರಗಿನವರು ಅಂತ ಕೇಳಿದ್ರಿ, ಸಾಹೇಬ್ರ. ಅಯ್ಯನವರು ಹೊರಗಿನವರು ಹೆಂಗಾಗ್ತಾರ?"

ಅದನ್ನು ಕೇಳಿ ಬಸಲಿಂಗಯ್ಯನವರ ಮುಖ ಇಳಿಯಿತು. "ಪುಸ್ತಕ ಮಗಳ ಮನ್ಯಾಗೈತಿ," ಎಂದರು.

ಮಧ್ಯಾಹ್ನ ೩-೧೫ಕ್ಕೆ ತಿಕೋಟಾದಲ್ಲಿ ಇಬ್ಬರು ಪಂಚರ ಸಮಕ್ಷಮ, ಮಗಳು ಸಾವಂತ್ರವ್ವನ ಮನೆಯ ಜೋಳದ ಚೀಲಗಳ ಸಂದಿಯಿಂದ ಪುಸ್ತಕವನ್ನು ಜಪ್ತಿ ಮಾಡಲಾಯಿತು. ಒಂದು ಹಾಳೆಯೂ ಹರಿದಿರಲಿಲ್ಲ.

"ಎರಡು ದಿನ ಪುರಾಣ ಓದಿದಂಗ ಓದ್ಯಾನರಿ ನಮ್ಮಪ್ಪ," ಎಂದಳು ಸಾವಂತ್ರವ್ವ. "ಉಣ್ಣಾಕ ಕರದ್ರೂ ಏಳಲಿಲ್ಲ." ಆಮೇಲೆ ಜೀಪಿನಲ್ಲಿ ಕೂತಿದ್ದ ತಂದೆಯನ್ನು ನೋಡಿ, "ಯಪ್ಪಾ, ಏನ ಮಾಡ್ಕೊಂಡಿ ಇದು?" ಎಂದು ಸೆರಗು ಬಾಯಿಗೆ ಹಿಡಿದಳು.

ಸಂಜೆ ೫-೩೦ಕ್ಕೆ ಬಂಧನ ದಾಖಲಾಯಿತು. ಈಗ ಪುಸ್ತಕ ಮುದ್ದೆಮಾಲು, ಕೇಸಿನ ಸಾಕ್ಷ್ಯವಸ್ತು. ಮೊಹರು ಮಾಡಿ ನ್ಯಾಯಾಲಯಕ್ಕೆ ಕಳಿಸಿದರೆ ಪಗಾರವಾಗುವುದಿಲ್ಲ. ಕಳಿಸದಿದ್ದರೆ ಮೇಲಧಿಕಾರಿಗಳು ಕೇಳುತ್ತಾರೆ. ಶಿವಯೋಗೆಪ್ಪ ಎರಡು ಸಲ ನಿಯಮಗಳನ್ನು ತಿರುವಿದರು. ಶನಿವಾರ ಬೆಳಿಗ್ಗೆ ೭ರಿಂದ ೧೦-೫೦ರ ತನಕ ಮೂವರೂ ಠಾಣೆಯಲ್ಲೇ ಕೂತು, ರಸೂಲಸಾಬನ ಎದುರಿಗೆ ಪುಸ್ತಕವನ್ನು ನಕಲು ಮಾಡಿಕೊಂಡರು. ಒಬ್ಬ ಓದಿದ, ಒಬ್ಬ ಬರೆದ, ಒಬ್ಬ ತಾಳೆ ನೋಡಿದ. ನಂತರ ಮೊಹರು ಬಿತ್ತು. ಸರಿಯೋ ತಪ್ಪೋ ಎಂಬ ಅನುಮಾನ ಶಿವಯೋಗೆಪ್ಪನವರಿಗೆ ಉಳಿದೇ ಇತ್ತು. ಅದಕ್ಕೇ ಎಲ್ಲವನ್ನೂ ವೇಳೆ ಸಮೇತ ಠಾಣಾ ಡೈರಿಯಲ್ಲಿ ಬರೆದರು. ನಾಲ್ಕು ಗಂಟೆಗೆ ಜಿನ್ನಿನ ಕಿಟಕಿಯಲ್ಲಿ ಪಗಾರ ಶುರುವಾಯಿತೆಂದು ರಸೂಲಸಾಬ ಬಂದು ವರದಿ ಮಾಡಿದ.

ಆರೋಪಿಯ ಹೇಳಿಕೆ ಚಿಕ್ಕದು.

"ಸುಡಬೇಕಂತ ಒಯ್ದೆ. ಓದಿದೆ. ಸುಡಾಕ ಮನಸ್ಸು ಬರಲಿಲ್ಲ. ಚಲೋ ಪಟ್ಟಿರಿ ಅದು. ನನಗ ಇಪ್ಪತ್ತಾರು ವರ್ಸ ಹೊಳೀಲಿಲ್ಲ."

"ಯಾಕ ಒಯ್ದ್ರಿ?"

"ನಾನೂ ಒಂದು ಪೈ ತಪ್ಪಿಲ್ಲದಂಗ ಪಗಾರ ಹಂಚೇನಿ. ಆದ್ರ ನಾ ಒಳಗ ಬಂದ್ರ ಕಾರಕೂನರ ಮಾತು ನಿಲ್ತಿತ್ತು. ಇವರು ನಕ್ಕೋತ ಕೆಲಸ ಮಾಡ್ತಾರ. ಕಟ್ಟಿ ಮ್ಯಾಲ ಕುಂತ್ರ ಕೇಳಸ್ತೈತಿ. ಅದು ನಿಲ್ಲಬೇಕು ಅನಿಸ್ತು."

ಜಾಮೀನಿಗೆ ಯಾರಾದರೂ ಇದ್ದಾರೆಯೇ ಎಂದು ಶಿವಯೋಗೆಪ್ಪ ಕೇಳಿದರು. ಮಗಳ ಹೆಸರಿನಲ್ಲಿ ಆಸ್ತಿ ಇರಲಿಲ್ಲ. ಕೈಕೆಳಗೆ ದುಡಿದವರು ಯಾರಾದರೂ ಇದ್ದಾರಲ್ಲ ಎಂದರು. ಬಸಲಿಂಗಯ್ಯ ಬೆರಳು ಮಡಚಿ ಎಣಿಸತೊಡಗಿದರು. ಒಂದು ಹೆಸರು ಹೇಳಲು ಹೋಗಿ, ಆತ ಬರಲಾರ ಎಂಬಂತೆ ತಲೆಯಾಡಿಸಿದರು.

"ರಾಮಲಿಂಗನ್ನ ಕೇಳಿ ನೋಡ್ರಿ," ಎಂದರು ಕಡೆಗೆ. "ನನ್ನ ಕೈಯಾಗ ಎಂಟು ತಿಂಗಳು ಇದ್ದ. ಅಷ್ಟು ದಿನ ಮತ್ಯಾರೂ ಇರಲಿಲ್ಲ."